ಬಾಡಿಗೆ ಮನೆ: ನೀವೇ ನೋಡಿಕೊಳ್ಳುವುದೋ, ಇನ್ನೊಬ್ಬರಿಗೆ ವಹಿಸುವುದೋ? ಮಂಗಳೂರು–ಉಡುಪಿಯವರಿಗೆ ಒಂದು ಕೈಪಿಡಿ

ಮನೆ ಬಿಜೈಯಲ್ಲಿ, ಯಜಮಾನರು ದುಬೈಯಲ್ಲಿ. ಮನೆ ಕುಂಜಿಬೆಟ್ಟಿನಲ್ಲಿ, ಮಕ್ಕಳು ಬೆಂಗಳೂರಿನಲ್ಲಿ. ಇಂಥವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ತಿಂಗಳಿಗೆ ಇಷ್ಟು ಅಂತ ಕೊಟ್ಟು ಯಾರಿಗಾದರೂ ವಹಿಸಿಬಿಡೋಣವೇ, ಅಥವಾ ಫೋನಿನಲ್ಲೇ ನಿಭಾಯಿಸೋಣವೇ? ಈ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಉತ್ತರ ಹುಡುಕಲು ಹೋದರೆ ಎರಡೂ ಕಡೆ ನಷ್ಟ. ಬಾಡಿಗೆ ಮನೆ ನೋಡಿಕೊಳ್ಳುವುದು ಒಂದೇ ಕೆಲಸವಲ್ಲ. ಅದರಲ್ಲಿ ಹಣದ ಕೆಲಸವಿದೆ, ಕಾಗದದ ಕೆಲಸವಿದೆ, ಜನರ ಕೆಲಸವಿದೆ, ನಮ್ಮ ಊರಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಮಳೆಯ ಕೆಲಸವಿದೆ. ಹಣ ಮತ್ತು ಕಾಗದ ಎಷ್ಟು ದೂರದಿಂದಲೂ ಆಗುತ್ತವೆ. ಮಳೆ ಮಾತ್ರ ಆಗುವುದಿಲ್ಲ. ಆದ್ದರಿಂದ ಹಣ ನಿಮ್ಮ ಕೈಯಲ್ಲೇ ಇರಲಿ, ಗೇಟಿನ ಹತ್ತಿರ ನಿಂತು ಮಾಡಬೇಕಾದ ಕೆಲಸಕ್ಕೆ ಮಾತ್ರ ಜನ ಇಡಿ ಎಂಬುದು ನಮ್ಮ ಸಲಹೆ. ಪೂರ್ತಿ ವಹಿಸಬೇಕಾದ ಸಂದರ್ಭಗಳೂ ಇವೆ, ಆದರೆ ಜನ ಅಂದುಕೊಂಡಷ್ಟು ಇಲ್ಲ.

ದೂರವಿದ್ದೇ ಆಗುವ ಕೆಲಸ

ಬಾಡಿಗೆ ವಸೂಲಿಗೆ ಇವತ್ತು ಯಾರೂ ಬೇಕಾಗಿಲ್ಲ. ಬಾಡಿಗೆಯವರ ಬ್ಯಾಂಕಿನಲ್ಲಿ ಪ್ರತಿ ತಿಂಗಳು 5ನೇ ತಾರೀಕಿಗೆ ತಾನೇ ಹೋಗುವಂತೆ ಸೂಚನೆ ಕೊಡಿಸಿದರೆ ಮುಗಿಯಿತು. ನಗದು ತೆಗೆದುಕೊಳ್ಳಬೇಡಿ, ಮಧ್ಯದವರ ಖಾತೆಗೆ ಹಾಕಿಸಬೇಡಿ. ಮೆಸ್ಕಾಂ ಬಿಲ್ಲನ್ನು ಖಾತೆ ಸಂಖ್ಯೆ ಇದ್ದರೆ ಎಲ್ಲಿಂದಲೂ ನೋಡಬಹುದು. ಬಿಲ್ಲನ್ನು ಬಾಡಿಗೆಯವರೇ ಕಟ್ಟುವುದಾದರೂ ತಿಂಗಳಿಗೊಮ್ಮೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಇದ್ದಕ್ಕಿದ್ದಂತೆ ಯೂನಿಟ್ ಎರಡು ಪಟ್ಟಾದರೆ ಒಂದೋ ಪಂಪಿನ ಫುಟ್‌ವಾಲ್ವ್ ಸೋರಿ ಪಂಪು ಸುಮ್ಮನೆ ಓಡುತ್ತಿದೆ, ಇಲ್ಲವೇ ಮನೆಯಲ್ಲಿ ನೀವು ಒಪ್ಪಿದ್ದಕ್ಕಿಂತ ಹೆಚ್ಚು ಜನ ಇದ್ದಾರೆ. ಎರಡೂ ತಿಳಿಯಬೇಕಾದ ಸಂಗತಿಗಳೇ.

ಗೃಹಜ್ಯೋತಿ ಯೋಜನೆಗೆ ಬಾಡಿಗೆಯವರು ತಮ್ಮ ಆಧಾರ್ ಜೋಡಿಸಿಕೊಂಡಿದ್ದರೆ ಮನೆ ಬಿಡುವಾಗ ಅದನ್ನು ತೆಗೆಸಿಯೇ ಹೋಗಬೇಕು. ಇಲ್ಲವಾದರೆ ಮುಂದೆ ಬರುವವರು ನೋಂದಾಯಿಸಲು ಹೋದಾಗ ಸಿಕ್ಕಿಹಾಕಿಕೊಳ್ಳುತ್ತಾರೆ, ಸಿಟ್ಟು ನಿಮ್ಮ ಮೇಲೆ ಬರುತ್ತದೆ. ಮನೆ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ನಗರ ಸ್ಥಳೀಯ ಸಂಸ್ಥೆಗಳಲ್ಲಿ 5 ಶೇಕಡಾ ರಿಯಾಯಿತಿ ಸಿಗುತ್ತದೆ. ರಶೀದಿ ಜೋಪಾನ. ಆದಾಯ ತೆರಿಗೆಯಲ್ಲಿ ಬಾಡಿಗೆಯಿಂದ ಮನೆ ತೆರಿಗೆ ಕಳೆಯುವಾಗ ನೀವು ನಿಜಕ್ಕೂ ಕಟ್ಟಿದ್ದು ಮಾತ್ರ ಲೆಕ್ಕಕ್ಕೆ, ಬಾಡಿಗೆಯವರು ಕಟ್ಟಿದ್ದಲ್ಲ.

ಕಾಗದದ ಕಡೆ ಜನ ಎಡವುವುದು, ಬಾಡಿಗೆಯವರೇ ಬಾಡಿಗೆಯಿಂದ ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟುವ ಟಿಡಿಎಸ್‌ನಲ್ಲಿ. ಮಾಲೀಕರು ಭಾರತದಲ್ಲೇ ಇರುವವರಾದರೆ, ಬಾಡಿಗೆ ತಿಂಗಳಿಗೆ 50,000 ರೂಪಾಯಿ ದಾಟಿದಾಗ ಮಾತ್ರ ಸಾಮಾನ್ಯ ಬಾಡಿಗೆಯವರು 2 ಶೇಕಡಾ ಹಿಡಿಯಬೇಕು. ನಮ್ಮ ಊರಿನ ಹೆಚ್ಚಿನ ಮನೆಗಳಿಗೆ ಇದು ತಗಲುವುದಿಲ್ಲ. ಆದರೆ ಮಾಲೀಕರು ಅನಿವಾಸಿಯಾಗಿದ್ದರೆ ಆ ಮಿತಿಯೇ ಇಲ್ಲ. ಬಾಡಿಗೆ 12,000 ಇದ್ದರೂ ಬಾಡಿಗೆಯವರು 30 ಶೇಕಡಾ ತೆರಿಗೆ, ಅದರ ಮೇಲೆ ಸೆಸ್ ಸೇರಿ 31.2 ಶೇಕಡಾ ಹಿಡಿದು ಕಟ್ಟಬೇಕು. ಅದಕ್ಕೆ ಅವರ ಹತ್ತಿರ ಟ್ಯಾನ್, ಅಂದರೆ ತೆರಿಗೆ ಹಿಡಿಯುವವರಿಗೆ ಇಲಾಖೆ ಕೊಡುವ ಸಂಖ್ಯೆ, ಬೇಕು. ಕಟ್ಟದಿದ್ದರೆ ನೋಟೀಸು ಬರುವುದು ಬಾಡಿಗೆಯವರಿಗೆ. ಬಾಡಿಗೆಯನ್ನು ಊರಿನಲ್ಲಿರುವ ಅಣ್ಣನ ಖಾತೆಗೆ ಹಾಕಿಸಿದರೆ ಈ ಹೊಣೆ ತಪ್ಪುವುದಿಲ್ಲ. ಮನೆ ಯಾರದ್ದೋ ಆದಾಯವೂ ಅವರದ್ದೇ. ಅನಿವಾಸಿಗಳು ಬಾಡಿಗೆಯನ್ನು ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಭಾರತದ ಆದಾಯ ಇಡುವ ಬ್ಯಾಂಕ್ ಖಾತೆ) ತರಿಸಿ, ಆದಾಯ ಕಡಿಮೆ ಇದ್ದರೆ ಕಡಿಮೆ ದರದಲ್ಲಿ ತೆರಿಗೆ ಹಿಡಿಯಲು ಬಿಡುವ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ, ವರ್ಷದ ಕೊನೆಗೆ ರಿಟರ್ನ್ ಸಲ್ಲಿಸಿ ಹೆಚ್ಚಾದದ್ದನ್ನು ವಾಪಸು ಪಡೆಯಬೇಕು. ಇದು ಆಡಿಟರ ಕೆಲಸ. ಮನೆ ನೋಡಿಕೊಳ್ಳುವವರು ಎಷ್ಟೇ ಚುರುಕಾಗಿರಲಿ, ಇದನ್ನು ಅವರ ತಲೆಗೆ ಕಟ್ಟಬೇಡಿ.

ಅಲ್ಲೇ ಇರಬೇಕಾದ ಕೆಲಸ

ಕರಾವಳಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಮನೆ ಹಾಳಾಗುವುದೂ, ಬಾಡಿಗೆಯವರ ಜೊತೆ ಜಗಳವಾಗುವುದೂ ಹೆಚ್ಚಾಗಿ ಈ ನಾಲ್ಕು ತಿಂಗಳಲ್ಲೇ. ಜುಲೈಯಲ್ಲಿ ಫೋನ್ ಬಂದ ಮೇಲೆ ಮೇಸ್ತ್ರಿ ಹುಡುಕಿದರೆ ಸಿಗುವುದಿಲ್ಲ. ಸಿಕ್ಕರೂ ಒದ್ದೆ ಗೋಡೆಗೆ, ಒದ್ದೆ ತಾರಸಿಗೆ ಮಾಡುವ ಯಾವ ರಿಪೇರಿಯೂ ನಿಲ್ಲುವುದಿಲ್ಲ. ಆದ್ದರಿಂದ ವರ್ಷದಲ್ಲಿ ಮೂರು ಸಲ ಒಬ್ಬ ಮನುಷ್ಯ ಮನೆಯ ಮೇಲೆ ಹತ್ತಿ, ಸುತ್ತು ಬಂದು ನೋಡಲೇಬೇಕು.

ಮೊದಲನೆಯದು ಏಪ್ರಿಲ್ ಕೊನೆಯಿಂದ ಮೇ 20ರ ಒಳಗೆ. ಎಲ್ಲಕ್ಕಿಂತ ಮುಖ್ಯವಾದ್ದು ಇದು.

ಹಂಚಿನ ಮಾಡು ಆಗಿದ್ದರೆ ಒಡೆದ, ಜರುಗಿದ ಹಂಚು ಬದಲಿಸಬೇಕು. ಅದೇ ಕಾರ್ಖಾನೆಯ ಹಂಚು 25–30 ಹಿತ್ತಲಲ್ಲಿ ಜೋಡಿಸಿಟ್ಟಿರಿ. ಬೇರೆ ಬೇರೆ ಕಾರ್ಖಾನೆಯ ಹಂಚಿನ ಅಚ್ಚು ಬೇರೆ, ಒಂದರ ಅಂಚು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ, ಆ ಸಂದಿಯಲ್ಲೇ ನೀರು ಇಳಿಯುತ್ತದೆ. ಹಳೆಯ ಕಾರ್ಖಾನೆಗಳು ಹಲವು ಮುಚ್ಚಿರುವುದರಿಂದ ಹಳೆ ಮನೆ ಕೆಡವಿದ ಕಡೆ ಹುಡುಕಬೇಕಾಗುತ್ತದೆ. ಅದು ಬೇಸಿಗೆಯ ಕೆಲಸ. ಹಂಚು ಹೊರುವ ಪಕ್ಕಾಸು, ರೀಪು ಮರಗಳಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸುಲಭವಾಗಿ ಒಳಗೆ ಹೋದರೆ ಗೆದ್ದಲು ಅಥವಾ ಕೊಳೆತ. ಎರಡು ಇಳಿಜಾರು ಸೇರುವ ಕಡೆ ಹಾಕಿದ ತಗಡು ತುಕ್ಕು ಹಿಡಿದು ತೂತಾಗಿರುವುದು ಕೆಳಗಿನಿಂದ ಕಾಣುವುದಿಲ್ಲ, ಹತ್ತಿಯೇ ನೋಡಬೇಕು.

ತಾರಸಿ ಮನೆಯಲ್ಲಿ ಮಳೆನೀರು ಇಳಿಯುವ ಪೈಪಿನ ಬಾಯಿ ನೋಡಿ. ಒಂದು ಮುಷ್ಟಿ ಮಾವಿನೆಲೆ ಸಾಕು, ತಾರಸಿ ಕೆರೆಯಾಗುತ್ತದೆ, ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಸೇರುವ ಸಂದಿಯಿಂದ ನೀರು ಕೆಳಗಿನ ಕೋಣೆಗೆ ಬರುತ್ತದೆ. ಮೇಲೆ ಶೀಟು ಹೊದೆಸಿದ್ದರೆ ಸ್ಕ್ರೂಗಳ ರಬ್ಬರ್ ವಾಷರ್ ಬಿಸಿಲಿಗೆ ಒಡೆದಿದೆಯೇ ಎಂದು ಪರೀಕ್ಷಿಸಬೇಕು. ಶೀಟು ಸೋರುವುದು ಹೆಚ್ಚಾಗಿ ಶೀಟಿನಿಂದಲ್ಲ, ಆ ವಾಷರಿನಿಂದ. ಗಿಲಾವು ಇಲ್ಲದ ಕೆಂಪುಕಲ್ಲಿನ ಗೋಡೆ ಮಳೆ ಹೊಡೆಯುವ ಪಶ್ಚಿಮ, ನೈಋತ್ಯ ದಿಕ್ಕಿನಲ್ಲಿದ್ದರೆ ನೀರು ಹೀರುತ್ತದೆ. ನೀರು ತಡೆಯುವ ಬಣ್ಣ ಹೊಡೆಯುವುದಾದರೆ ಗೋಡೆ ಪೂರ್ತಿ ಒಣಗಿರುವ ಏಪ್ರಿಲ್–ಮೇಯಲ್ಲೇ ಹೊಡೆಯಬೇಕು.

ತೆಂಗಿನ ಮರ ಮಾಡಿನ ಮೇಲೆ ವಾಲಿದ್ದರೆ ಕಾಯಿ, ಒಣ ಮಡಲು ಎರಡನ್ನೂ ಮೇ ಒಳಗೆ ಇಳಿಸಿ. ಗಾಳಿಗೆ ಬಿದ್ದ ಒಂದು ಮಡಲು ಹತ್ತು ಹಂಚು ಒಡೆಯುತ್ತದೆ. ಕೆಳಗೆ ಬಾಡಿಗೆಯವರ ಕಾರಿದ್ದರೆ ಖರ್ಚಿನ ಮಾತೇ ಬೇರೆ.

ಸೆಪ್ಟಿಕ್ ಟ್ಯಾಂಕ್ ಇರುವ ಮನೆಗಳಲ್ಲಿ ಅದು ತುಂಬಲು ಬಂದಿದ್ದರೆ ಮಳೆಗೆ ಮೊದಲೇ ಖಾಲಿ ಮಾಡಿಸಿ. ಜುಲೈಯಲ್ಲಿ ನೆಲವೆಲ್ಲ ನೀರು ಕುಡಿದು ತುಂಬಿರುತ್ತದೆ, ಇಂಗು ಗುಂಡಿ ಏನನ್ನೂ ಹೀರುವುದಿಲ್ಲ, ಕಕ್ಕಸಿನಲ್ಲಿ ನೀರು ಮೇಲೆ ಬರುತ್ತದೆ. ಬಾಡಿಗೆಯವರು ರಾತ್ರಿ 11 ಗಂಟೆಗೆ ಫೋನ್ ಮಾಡುವ ವಿಷಯಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಬಾವಿ ಕ್ಲೀನ್ ಮಾಡಿಸುವುದೂ ನೀರು ತಳ ಕಂಡ ಮೇ ತಿಂಗಳಲ್ಲಿ. ಮಳೆ ಹಿಡಿದ ಮೇಲೆ ಇಳಿಸಿದರೆ ಪಕ್ಕದ ಮಣ್ಣು ಜರಿಯುವ ಅಪಾಯವಿದೆ. ಹೊಸ ನೀರು ಬಂದ ಮೇಲೆ ಬ್ಲೀಚಿಂಗ್ ಪೌಡರ್ ಹಾಕುವ ಅಳತೆ ಸಾವಿರ ಲೀಟರಿಗೆ 2.5 ಗ್ರಾಂ. ಬಾವಿಯ ಅಗಲ 2.5 ಮೀಟರ್, ನೀರಿನ ಆಳ 3 ಮೀಟರ್ ಆದರೆ ನೀರು ಸುಮಾರು 14,700 ಲೀಟರ್, ಪೌಡರ್ 37 ಗ್ರಾಂ. ಬಕೆಟ್‌ನಲ್ಲಿ ಕರಗಿಸಿ, ಸುಣ್ಣ ತಳ ಸೇರಿದ ಮೇಲೆ ಮೇಲಿನ ನೀರನ್ನಷ್ಟೇ ಬಾವಿಗೆ ಸುರಿದು, ಒಂದು ಗಂಟೆ ಬಿಟ್ಟು ಬಳಸಬೇಕು. ಅಂದಾಜಿನಲ್ಲಿ ಸೇರುಗಟ್ಟಲೆ ಹಾಕಿ ವಾರವಿಡೀ ವಾಸನೆ ಬರಿಸುವವರೇ ಜಾಸ್ತಿ.

ಎರಡನೆಯ ಭೇಟಿ ಜುಲೈ ಮಧ್ಯದಲ್ಲಿ, ಜೋರು ಮಳೆ ಬರುತ್ತಿರುವಾಗಲೇ. ಸೋರುವ ಜಾಗ ನಿಜಕ್ಕೂ ಎಲ್ಲಿದೆ ಎಂದು ಗೊತ್ತಾಗುವುದು ಆಗ ಮಾತ್ರ. ಫೋಟೋ ತೆಗೆದು, ಗೋಡೆಯ ಮೇಲೆ ಪೆನ್ಸಿಲಿನಿಂದ ಒದ್ದೆಯ ಅಂಚು ಗುರುತು ಮಾಡಿ ತಾರೀಕು ಬರೆದಿಟ್ಟರೆ ಅಕ್ಟೋಬರಿನಲ್ಲಿ ರಿಪೇರಿ ಮಾಡುವವರಿಗೆ ಅನುಕೂಲ. ತಾರಸಿಯಲ್ಲಿ, ಹೂಕುಂಡದ ತಟ್ಟೆಯಲ್ಲಿ, ಸೀಯಾಳದ ಚಿಪ್ಪಿನಲ್ಲಿ ನೀರು ನಿಂತಿದೆಯೇ ಎಂದೂ ಆಗಲೇ ನೋಡಿ. ಸೊಳ್ಳೆ ಮರಿ ಸಿಕ್ಕಿದರೆ ದಂಡ ಬೀಳಬಹುದು, ದಂಡಕ್ಕಿಂತ ಡೆಂಗೆಯದ್ದೇ ದೊಡ್ಡ ತಲೆನೋವು. ಮೂರನೆಯದು ಅಕ್ಟೋಬರ್ ಕೊನೆಗೆ: ಬಾಗಿಲು ಚೌಕಟ್ಟಿನ ಗೆದ್ದಲು, ಕಿಟಕಿ ಗ್ರಿಲ್ಲಿನ ತುಕ್ಕು, ಗೋಡೆಯ ಬೂಷ್ಟು. ಸಮುದ್ರಕ್ಕೆ ಹತ್ತಿರದ ಮಲ್ಪೆ, ಪಣಂಬೂರು, ಉಳ್ಳಾಲದ ಕಡೆ ಎಸಿಯ ಹೊರಗಿನ ಯೂನಿಟ್ಟನ್ನು ಉಪ್ಪುಗಾಳಿ ತಿಂದಿರುತ್ತದೆ, ಅದನ್ನೂ ನೋಡಿ.

ಬೇಸಿಗೆಯ ನೀರಿನದ್ದು ಬೇರೆ ಕತೆ. ಮಂಗಳೂರಿಗೆ ನೀರು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ. ಮಳೆ ತಡವಾದ ವರ್ಷ, 2019ರಲ್ಲೂ 2023ರಲ್ಲೂ ಆದಂತೆ, ಮೇ ತಿಂಗಳಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ. ಆಗ ಟ್ಯಾಂಕರ್ ಯಾರು ತರಿಸಬೇಕು, ದುಡ್ಡು ಯಾರದ್ದು ಎಂಬುದು ಕರಾರಿನಲ್ಲಿ ಮೊದಲೇ ಬರೆದಿದ್ದರೆ ಮ್ಯಾನೇಜರ್ ಇಲ್ಲದೆಯೂ ನಡೆಯುತ್ತದೆ. ಬರೆಯದಿದ್ದರೆ ಮ್ಯಾನೇಜರ್ ಇದ್ದರೂ ನಡೆಯುವುದಿಲ್ಲ.

ಯಾವ ಮನೆಗೆ ಯಾರು

ಅಪಾರ್ಟ್‌ಮೆಂಟಿನ ಫ್ಲಾಟ್‌ಗೆ ಪೂರ್ತಿ ಮ್ಯಾನೇಜರ್ ಇಡುವುದು ನಮ್ಮ ಪ್ರಕಾರ ದುಂದು. ತಾರಸಿ, ನೀರು, ಲಿಫ್ಟು, ವಾಚ್‌ಮನ್ ಎಲ್ಲವನ್ನೂ ಅಸೋಸಿಯೇಶನ್ ನೋಡಿಕೊಳ್ಳುತ್ತದೆ, ಅದಕ್ಕೆ ನೀವು ಆಗಲೇ ತಿಂಗಳ ಮೇಂಟೆನೆನ್ಸ್ ಕೊಡುತ್ತಿದ್ದೀರಿ. ಉಳಿಯುವುದು ನಲ್ಲಿ, ಗೀಸರ್, ಮೇಲಿನ ಫ್ಲಾಟಿನ ಬಚ್ಚಲಿನ ಸೋರಿಕೆ. ಒಬ್ಬ ಪ್ಲಂಬರ್, ಒಬ್ಬ ಎಲೆಕ್ಟ್ರೀಷಿಯನ್ನರ ನಂಬರ್ ಬಾಡಿಗೆಯವರಿಗೇ ಕೊಟ್ಟು, 1,500 ರೂಪಾಯಿವರೆಗೆ ಮಾಡಿಸಿ ಬಿಲ್ ಕಳಿಸಿ, ಮುಂದಿನ ಬಾಡಿಗೆಯಲ್ಲಿ ಹಿಡಿದುಕೊಳ್ಳಿ ಎಂದರೆ ಸಾಕು.

ಕಂಪೌಂಡು, ಬಾವಿ, ತೆಂಗು ಇರುವ ಒಂಟಿ ಮನೆ ಇದಕ್ಕೆ ತದ್ವಿರುದ್ಧ. ನೀವು ವರ್ಷಕ್ಕೆ ಎರಡು ಸಲ ಮೇ ಮತ್ತು ಅಕ್ಟೋಬರಿನಲ್ಲಿ ಬರಬಲ್ಲಿರಾದರೆ, ಅರ್ಧ ಗಂಟೆಯ ದಾರಿಯಲ್ಲಿ ಕೀಲಿ ಇರುವ ಒಬ್ಬರಿದ್ದರೆ, ಸ್ವತಃ ನೋಡಿಕೊಳ್ಳಬಹುದು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಭೇಟಿಗೆ ಇಷ್ಟು ಎಂದು ಕೊಟ್ಟು ಮೂರು ಭೇಟಿಗಳಿಗಾದರೂ ಜನ ಇಡಿ. ಮನೆ ಖಾಲಿ ಬಿದ್ದಿರುವ ಮಳೆಗಾಲದಲ್ಲಂತೂ ವಾರಕ್ಕೊಮ್ಮೆ ಕಿಟಕಿ ತೆರೆದು ಗಾಳಿ ಆಡಿಸುವವರು ಬೇಕೇ ಬೇಕು. ಎರಡು ತಿಂಗಳು ಮುಚ್ಚಿದ ಮನೆಯ ಬೂಷ್ಟು ತೆಗೆಯಲು ಬಣ್ಣವನ್ನೇ ಹೊಸದಾಗಿ ಹೊಡೆಸಬೇಕಾಗುತ್ತದೆ.

ವಿದ್ಯಾರ್ಥಿಗಳಿಗೆ ಕೊಡುವ ಮನೆ, ಅಂದರೆ ಮಣಿಪಾಲದ ಈಶ್ವರ ನಗರ, ವಿದ್ಯಾರತ್ನ ನಗರದಲ್ಲಿ, ದೇರಳಕಟ್ಟೆಯಲ್ಲಿ, ಸುರತ್ಕಲ್‌ನ ಎನ್‌ಐಟಿಕೆ ಸುತ್ತಮುತ್ತ ಇರುವಂಥದ್ದು, ಪೂರ್ತಿ ವಹಿಸಲು ಅರ್ಹವಾದದ್ದು. ನಾಲ್ಕು ಹುಡುಗರು ನಾಲ್ಕು ಕಡೆಯಿಂದ ದುಡ್ಡು ಹಾಕುತ್ತಾರೆ, ವರ್ಷದ ನಡುವೆ ಒಬ್ಬ ಬಿಟ್ಟು ಇನ್ನೊಬ್ಬ ಬರುತ್ತಾನೆ, ಪಕ್ಕದ ಮನೆಯವರು ರಾತ್ರಿಯ ಗಲಾಟೆಗೆ ದೂರು ಕೊಡುತ್ತಾರೆ. ವಿದೇಶಿ ವಿದ್ಯಾರ್ಥಿ ಇದ್ದರೆ ಬಂದ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡುವ ಹೊಣೆ ಮನೆ ಕೊಟ್ಟವರದ್ದು, ಕಾಲೇಜಿನದ್ದಲ್ಲ. ದೂರದಿಂದ ಇದು ಆಗದ ಕೆಲಸ. ಇಂಥ ಮನೆಗೆ ಕರಾರು ನಾಲ್ವರ ಹೆಸರಿನಲ್ಲೂ ಒಟ್ಟಾಗಿ ಇರಲಿ, ಪೂರ್ತಿ ಬಾಡಿಗೆಗೆ ಪ್ರತಿಯೊಬ್ಬರೂ ಹೊಣೆ ಎಂದು ಬರೆಯಿರಿ, ಒಬ್ಬರ ತಂದೆ ಅಥವಾ ತಾಯಿಯಾದರೂ ಜಾಮೀನು ಸಹಿ ಹಾಕಲಿ.

ಮೂರು ಅಥವಾ ಹೆಚ್ಚು ಮನೆ ಇದ್ದು, ನೀವು ಊರಿನಲ್ಲಿಲ್ಲ ಎಂದಾದರೂ ವಹಿಸಿಬಿಡುವುದೇ ಸರಿ.

ಲೆಕ್ಕ ಹಾಕಿ ನೋಡುವುದು

ಒಂದು ಉದಾಹರಣೆ ಹಾಕೋಣ. ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು, ನಿಮ್ಮ ಓಣಿಯ ದರ ಕೇಳಿ ಬದಲಿಸಿಕೊಳ್ಳಿ. ಬಾಡಿಗೆ ತಿಂಗಳಿಗೆ 18,000, ವರ್ಷಕ್ಕೆ 2,16,000. ಮ್ಯಾನೇಜರ್ 8 ಶೇಕಡಾ ಕೇಳುತ್ತಾರೆ: 17,280. ಅವರು ಜಿಎಸ್‌ಟಿಯಲ್ಲಿ ನೋಂದಾಯಿತರಾಗಿದ್ದರೆ ಅದರ ಮೇಲೆ 18 ಶೇಕಡಾ, 3,110. ಹೊಸ ಬಾಡಿಗೆಯವರನ್ನು ತರಲು ಅರ್ಧ ತಿಂಗಳ ಬಾಡಿಗೆ, 9,000. ಮೊದಲ ವರ್ಷದ ಒಟ್ಟು 29,390, ಅಂದರೆ ಒಂದೂವರೆ ತಿಂಗಳಿಗಿಂತ ಹೆಚ್ಚಿನ ಬಾಡಿಗೆ.

ಬಿಡಿಬಿಡಿಯಾಗಿ ಮಾಡಿಸಿದರೆ? ಮೂರು ಭೇಟಿ, ತಲಾ 1,500ರಂತೆ 4,500. ಕೀಲಿ ಇಟ್ಟುಕೊಂಡು ತುರ್ತಿಗೆ ಹೋಗುವವರಿಗೆ ವರ್ಷಕ್ಕೆ 5,000. ಬ್ರೋಕರಿಗೆ 9,000, ಆದರೆ ಬಾಡಿಗೆಯವರು ಎರಡು ವರ್ಷ ನಿಂತರೆ ವರ್ಷದ ಪಾಲು 4,500. ಒಟ್ಟು 14,000. ಮೊದಲ ಲೆಕ್ಕದಲ್ಲೂ ಬ್ರೋಕರೇಜನ್ನು ಎರಡು ವರ್ಷಕ್ಕೆ ಹಂಚಿದರೆ ಸುಮಾರು 24,900 ಆಗುತ್ತದೆ. ವ್ಯತ್ಯಾಸ 10,900. ಈಗ ನಿಮಗೆ ನೀವೇ ಕೇಳಿಕೊಳ್ಳಬೇಕಾದ್ದು: ಮ್ಯಾನೇಜರ್ ಇದ್ದ ಕಾರಣಕ್ಕೆ ಮನೆ ಇಪ್ಪತ್ತು ದಿನ ಕಡಿಮೆ ಖಾಲಿ ಬೀಳುತ್ತದೆಯೇ? ಬೀಳುತ್ತದೆ ಎಂದಾದರೆ ಸರಿಸುಮಾರು ಸಮ. ಇಲ್ಲವಾದರೆ ನೀವು ನೆಮ್ಮದಿಗೆ ದುಡ್ಡು ಕೊಡುತ್ತಿದ್ದೀರಿ. ಅದೂ ತಪ್ಪಲ್ಲ, ಗೊತ್ತಿದ್ದು ಕೊಡಿ ಅಷ್ಟೆ.

ತೆರಿಗೆಯಲ್ಲಿ ಈ ಫೀಸು ಕಳೆಯುತ್ತದೆ ಎಂದು ಏಜೆನ್ಸಿಯವರು ಹೇಳಿದರೆ ನಂಬಬೇಡಿ. ಮನೆ ಬಾಡಿಗೆ ಆದಾಯದಲ್ಲಿ ಮನೆ ತೆರಿಗೆ ಕಳೆದ ಮೇಲೆ 30 ಶೇಕಡಾವನ್ನು ಕಾನೂನೇ ಒಟ್ಟಾಗಿ ಬಿಟ್ಟುಕೊಡುತ್ತದೆ. ನೀವು ರಿಪೇರಿಗೆ, ಮ್ಯಾನೇಜರಿಗೆ ಒಂದು ರೂಪಾಯಿ ಖರ್ಚು ಮಾಡದಿದ್ದರೂ ಅಷ್ಟೇ, ಒಂದು ಲಕ್ಷ ಮಾಡಿದರೂ ಅಷ್ಟೇ.

ನೆಂಟರಿಗೆ ವಹಿಸುವಾಗ

ನಮ್ಮಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಮ್ಯಾನೇಜರ್ ಎಂದರೆ ಭಾವ, ಚಿಕ್ಕಪ್ಪ, ಪಕ್ಕದ ಮನೆಯ ಅಂಕಲ್. ದುಡ್ಡು ಕೊಡಲು ನಾಚಿಕೆ, ತೆಗೆದುಕೊಳ್ಳಲೂ ನಾಚಿಕೆ. ಮೊದಲ ವರ್ಷ ಚೆನ್ನಾಗಿಯೇ ನಡೆಯುತ್ತದೆ. ಎರಡನೇ ವರ್ಷ ಭಾವನವರು ಮೇ ತಿಂಗಳಲ್ಲಿ ತಾರಸಿ ಹತ್ತುವುದಿಲ್ಲ, ನೀವು ಕೇಳುವಂತಿಲ್ಲ. ಅವರಿಗೆ ಗುರುತಿನವರನ್ನೇ ಬಾಡಿಗೆಗೆ ಕೂರಿಸಿದ್ದರೆ ಬಾಡಿಗೆ ಏರಿಸುವ ಮಾತೂ ಆಡುವಂತಿಲ್ಲ. ನೆಂಟರೇ ಆಗಲಿ, ಭೇಟಿಗೆ ಇಷ್ಟು ಎಂದು ಮೊದಲೇ ಹೇಳಿ ಕೊಟ್ಟುಬಿಡಿ. ಕೆಲಸವನ್ನೂ ಕೀಲಿ ಇಟ್ಟುಕೊಳ್ಳುವುದು, ಮೂರು ಭೇಟಿ, ಫೋಟೋ ಕಳಿಸುವುದು, ಇಷ್ಟಕ್ಕೇ ನಿಲ್ಲಿಸಿ. ಬಾಡಿಗೆ, ಡಿಪಾಸಿಟ್, ಬಿಡಿಸುವ ಮಾತು ನಿಮ್ಮದೇ ಇರಲಿ. ಕೆಟ್ಟವರಾಗುವ ಕೆಲಸವನ್ನು ನೆಂಟರಿಗೆ ಕೊಡಬಾರದು.

ವಹಿಸುವುದಾದರೆ ಬರೆದುಕೊಳ್ಳಬೇಕಾದ್ದು

ಮ್ಯಾನೇಜರ್ ಜೊತೆಗಿನ ಒಪ್ಪಂದ ಎರಡು ಪುಟ ಸಾಕು, ಆದರೆ ಬಾಯಿಮಾತು ಬೇಡ.

ಡಿಪಾಸಿಟ್ ಎಂದೂ ಮ್ಯಾನೇಜರ್ ಕೈಗೆ ಹೋಗಕೂಡದು. ಬಾಡಿಗೆಯವರು ಬಿಟ್ಟು ಹೋಗುವಾಗ ಕೇಳುವುದು ನಿಮ್ಮನ್ನು. ಮಧ್ಯದವರು ಖರ್ಚು ಮಾಡಿಕೊಂಡಿದ್ದರೆ ನೀವು ಎರಡು ಸಲ ಕೊಡಬೇಕು. ಬಾಡಿಗೆಯೂ ನೇರ ನಿಮ್ಮ ಖಾತೆಗೆ, ಫೀಸು ನೀವು ಅವರಿಗೆ ಕಳಿಸುವುದು. ಉಲ್ಟಾ ಮಾಡಿದರೆ, ಬಾಡಿಗೆ ನಿಜಕ್ಕೂ 20,000, ನಿಮಗೆ ಹೇಳಿದ್ದು 17,000 ಎಂಬಂಥದ್ದು ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಕರಾರಿನ ಪ್ರತಿಯನ್ನು ಬಾಡಿಗೆಯವರಿಂದಲೇ ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಂಡು ನಿಮ್ಮಲ್ಲಿರುವುದರ ಜೊತೆ ಹೋಲಿಸಿ.

ಫೀಸು ಬಂದ ಬಾಡಿಗೆಯ ಮೇಲೆ ಇರಲಿ, ಬರಬೇಕಾದ ಬಾಡಿಗೆಯ ಮೇಲಲ್ಲ. ಮನೆ ಖಾಲಿ ಇದ್ದ ತಿಂಗಳಿಗೂ ಫೀಸು ಎಂದರೆ ಬೇಗ ತುಂಬಿಸುವ ಆತುರ ಅವರಿಗೆ ಇರುವುದಿಲ್ಲ. ಹಾಗೆಯೇ ಬ್ರೋಕರೇಜ್ ಪ್ರತಿ 11 ತಿಂಗಳಿಗೆ ಪೂರ್ತಿ ಸಿಗುವಂತಿದ್ದರೆ ಹಳಬರನ್ನು ಕಳಿಸಿ ಹೊಸಬರನ್ನು ತರುವುದೇ ಅವರಿಗೆ ಲಾಭ. ನವೀಕರಣಕ್ಕೆ ಬೇಕಾದರೆ 1,000 ರೂಪಾಯಿಯಂಥ ನಿಗದಿ ಮೊತ್ತ ಕೊಡಿ.

ರಿಪೇರಿಗೆ ಒಂದು ಮಿತಿ ಹಾಕಿ: 2,000 ರೂಪಾಯಿವರೆಗೆ ಕೇಳದೆ ಮಾಡಿಸಬಹುದು, ಅದರ ಮೇಲೆ ಫೋಟೋ ಮತ್ತು ಎರಡು ಕೊಟೇಶನ್. ಶಾಕ್ ಹೊಡೆಯುವ ವೈರಿಂಗ್, ಒಡೆದ ನೀರಿನ ಪೈಪು, ಕಕ್ಕಸು ಉಕ್ಕುವುದು, ಪಂಪು ನಿಂತದ್ದು, ಈ ನಾಲ್ಕಕ್ಕೆ ಮಿತಿ ಬೇಡ, ಮೊದಲು ಕೆಲಸ, ಆಮೇಲೆ ಬಿಲ್ಲು. ಬಿಲ್ಲು ಕೆಲಸ ಮಾಡಿದವರದ್ದೇ ಇರಬೇಕು, ಏಜೆನ್ಸಿಯ ಲೆಟರ್‌ಹೆಡ್ಡಿನಲ್ಲಿ ಮತ್ತೆ ಬರೆದದ್ದಲ್ಲ. ಬದಲಿಸಿದ ಹಳೆಯ ಭಾಗದ ಫೋಟೋ ಕೇಳಿ. ಹೊಸ ಮೋಟಾರಿನ ಬಿಲ್ಲು ಬಂದು ಹಳೆಯದಕ್ಕೆ ವೈಂಡಿಂಗ್ ಮಾತ್ರ ಮಾಡಿಸಿರುವುದು ಅಪರೂಪವಲ್ಲ.

ಒಳಬಾಡಿಗೆಗೆ, ಪಿಜಿಗೆ ಕೊಡಕೂಡದು ಎಂದು ಇಬ್ಬರ ಕರಾರಿನಲ್ಲೂ ಬರೆಯಿರಿ. ಬಾಡಿಗೆಯವರ ಗುರುತಿನ ಚೀಟಿಯ ಪ್ರತಿ ಮತ್ತು ವಿವರವನ್ನು ಸ್ಥಳೀಯ ಪೊಲೀಸ್ ಠಾಣೆಗೆ ಕೊಟ್ಟ ಸ್ವೀಕೃತಿ ನಿಮಗೆ ಬರಲಿ. ಒಪ್ಪಂದ ಮುರಿಯಲು ಎರಡೂ ಕಡೆ 30 ದಿನದ ನೋಟೀಸು, ಆ ದಿನ ಕೀಲಿ, ಕಾಗದ ಎಲ್ಲ ವಾಪಸು.

ಇನ್ನು ಸಹಿ. ನಿಮ್ಮ ಪರವಾಗಿ ಬಾಡಿಗೆ ಕರಾರಿಗೆ ಮ್ಯಾನೇಜರ್ ಸಹಿ ಹಾಕಬೇಕಾದರೆ ಪವರ್ ಆಫ್ ಅಟಾರ್ನಿ ಬೇಕು. ಈ ಮನೆಯನ್ನು ಬಾಡಿಗೆಗೆ ಕೊಡಲು, ನೋಟೀಸು ಕೊಡಲು, ಮೆಸ್ಕಾಂ ಮತ್ತು ಪಾಲಿಕೆಯಲ್ಲಿ ವ್ಯವಹರಿಸಲು ಎಂದು ಕೆಲಸ ಹೆಸರಿಸಿಯೇ ಬರೆಸಿ. ಮಾರುವ, ಅಡವಿಡುವ ಅಧಿಕಾರದ ಒಂದು ಪದವೂ ಅದರಲ್ಲಿ ಇರಬಾರದು. ವಿದೇಶದಲ್ಲಿ ಮಾಡಿಸಿದ್ದಾದರೆ ಅಲ್ಲಿನ ಭಾರತೀಯ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿಯಲ್ಲಿ ದೃಢೀಕರಿಸಿ, ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಕೊರಿಯರ್ ಲಕೋಟೆಯನ್ನು ಎಸೆಯಬೇಡಿ, ಬಂದ ತಾರೀಕಿಗೆ ಅದೇ ಸಾಕ್ಷಿ.

ಬಾಡಿಗೆ ಕರಾರಿನಲ್ಲಿ ನಮ್ಮ ಊರಿನ ಕಲಮುಗಳು

ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು, ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಯುವುದು.  ಆದರೆ ಕರಾರಿನ ಸಿದ್ಧ ನಮೂನೆಯಲ್ಲಿ ಇಲ್ಲದ ಕೆಲವು ಸಂಗತಿಗಳನ್ನು ನೀವೇ ಸೇರಿಸಬೇಕು.

ತೆಂಗಿನಕಾಯಿ, ಮಾವು, ಹಲಸು ಯಾರಿಗೆ. ಮಾಲೀಕರಿಗೆ ಎಂದಾದರೆ ಕಾಯಿ ತೆಗೆಯುವವರು ಬರುವ ದಿನ ಗೇಟು ತೆರೆಯುವ ಹೊಣೆ ಬಾಡಿಗೆಯವರದ್ದು. ಬಾಡಿಗೆಯವರಿಗೆ ಎಂದಾದರೆ ಮರ ಹತ್ತಿಸುವ ಕೂಲಿಯೂ ಅವರದ್ದೇ. ಬಾವಿಯಿಂದ ಪಕ್ಕದ ಮನೆಗೂ ನೀರು ಕೊಡುವ ರೂಢಿ ಇದ್ದರೆ ಬರೆಯಿರಿ. ಸಿಡಿಲಿಗೆ ಪಂಪಿನ ಸ್ಟಾರ್ಟರ್, ಇನ್ವರ್ಟರ್ ಸುಟ್ಟರೆ ಯಾರ ಖರ್ಚು ಎಂದು ಬರೆಯಿರಿ. ಏಪ್ರಿಲ್–ಮೇ, ಅಕ್ಟೋಬರಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಹಿತ್ತಲಿನಲ್ಲಿ ನಾಗಬನ ಅಥವಾ ದೈವದ ಸ್ಥಾನ ಇದ್ದರೆ ನಾಗರಪಂಚಮಿಗೆ, ವರ್ಷದ ತಂಬಿಲಕ್ಕೆ ಕುಟುಂಬದವರು ಬಂದು ಹೋಗುವ ಹಕ್ಕು, ಆ ಜಾಗವನ್ನು ಯಾರು ಹೇಗೆ ಇಟ್ಟುಕೊಳ್ಳಬೇಕು ಎಂಬುದು ಕರಾರಿನಲ್ಲೇ ಇರಲಿ. ಬೇರೆ ಊರಿನಿಂದ ಬಂದ ಬಾಡಿಗೆಯವರಿಗೆ ಇದು ಏನೆಂದೇ ಗೊತ್ತಿರುವುದಿಲ್ಲ, ಹಬ್ಬದ ಬೆಳಿಗ್ಗೆ ಗೇಟಿನಲ್ಲಿ ವಿವರಿಸುತ್ತ ನಿಲ್ಲುವುದು ಯಾರಿಗೂ ಚಂದವಲ್ಲ.

ನೋಟೀಸು ಬಂದರೂ ನೀವು ಮಾಡಬೇಕಾದ ರಿಪೇರಿ ಮಾಡದೆ ಕೂತರೆ, ಬಾಡಿಗೆಯವರು ತಾವೇ ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳಲು ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಅವಕಾಶ ಕೊಡುತ್ತದೆ. ಯಾವುದು ಯಾರ ರಿಪೇರಿ ಎಂದು ಪಟ್ಟಿ ಮಾಡಲು ಇದೇ ಕಾರಣ. ಮಾಡು, ಗೋಡೆ, ಪಂಪು, ಮುಖ್ಯ ವೈರಿಂಗ್ ಮಾಲೀಕರದ್ದು. ಬಲ್ಬು, ನಲ್ಲಿಯ ವಾಷರ್, ಒಡೆದ ಗಾಜು ಇರುವವರದ್ದು. ತಿಂಗಳ ಬಾಡಿಗೆಯ ಮನೆ ಬಿಡಿಸಲು ಅದೇ ಕಾಯ್ದೆಯ 106ನೇ ಕಲಮಿನಂತೆ 15 ದಿನದ ನೋಟೀಸು, ಕರಾರಿನಲ್ಲಿ ಬೇರೆ ಅವಧಿ ಬರೆದಿದ್ದರೆ ಅದೇ ನಡೆಯುತ್ತದೆ. ಬಿಡದವರ ನೀರು, ಕರೆಂಟು ಕಡಿಯುವ ಉಪಾಯವನ್ನು ಮ್ಯಾನೇಜರ್ ಹೇಳಿಕೊಟ್ಟರೆ ಕೇಳಬೇಡಿ. ದೂರು ಬೀಳುವುದು ಮಾಲೀಕರ ಮೇಲೆ.

ಕೈ ಬದಲಿಸುವ ಸಮಯ

ಇಷ್ಟು ದಿನ ನೀವೇ ನೋಡಿಕೊಂಡು ಈಗ ಇನ್ನೊಬ್ಬರಿಗೆ ವಹಿಸುವುದಾದರೆ ನವೆಂಬರಿನಲ್ಲಿ ವಹಿಸಿ. ಮಳೆಗಾಲದ ಹಾನಿ ಏನಾಗಿದೆ ಎಂದು ಇಬ್ಬರಿಗೂ ಕಾಣುತ್ತದೆ, ಅವರಿಗೆ ಮೇ ತಿಂಗಳಿಗೆ ತಯಾರಾಗಲು ಆರು ತಿಂಗಳು ಸಿಗುತ್ತದೆ. ಒಪ್ಪಂದವನ್ನೂ ಮೊದಲು ಜುಲೈ ಕೊನೆಯವರೆಗೆ ಮಾತ್ರ ಮಾಡಿ. ಒಂದು ಜೋರು ಮಳೆ ಕಾಣದೆ ಯಾರನ್ನೂ ವರ್ಷಗಟ್ಟಲೆ ಒಪ್ಪಿಕೊಳ್ಳಬಾರದು. ಜೂನ್‌ನಲ್ಲಿ ವಹಿಸಿದರೆ ಎಲ್ಲ ಸೋರಿಕೆಯೂ "ಮೊದಲಿನದ್ದೇ" ಆಗಿಬಿಡುತ್ತದೆ.

ವಹಿಸುವ ದಿನ ಒಂದು ಫೈಲು ಕೊಡಿ: ಬಾಡಿಗೆ ಕರಾರಿನ ಪ್ರತಿ, ಮೆಸ್ಕಾಂ ಖಾತೆ ಮತ್ತು ಬಿಲ್ಲಿನಲ್ಲಿರುವ ಆರ್‌ಆರ್ ಸಂಖ್ಯೆ, ನೀರಿನ ಬಿಲ್ಲು, ಪಂಪಿನ ಕಂಪನಿ ಮತ್ತು ಎಚ್‌ಪಿ, ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಎಲ್ಲಿದೆ ಎಂಬ ನಕ್ಷೆ, ನೀರಿನ ಮುಖ್ಯ ವಾಲ್ವ್ ಇರುವ ಜಾಗದ ಫೋಟೋ, ಇಲ್ಲಿಯವರೆಗೆ ಕೆಲಸ ಮಾಡಿದ ಪ್ಲಂಬರ್, ಎಲೆಕ್ಟ್ರೀಷಿಯನ್, ಕಾಯಿ ತೆಗೆಯುವವರ ನಂಬರ್. ಪ್ರತಿ ಕೋಣೆಯ ವೀಡಿಯೋ ಒಂದು ತೆಗೆದು, ಅದರಲ್ಲಿ ಆ ದಿನದ ಮೀಟರ್ ರೀಡಿಂಗ್ ಕಾಣುವಂತೆ ಹಿಡಿದು, ಮ್ಯಾನೇಜರಿಗೂ ಬಾಡಿಗೆಯವರಿಗೂ ಕಳಿಸಿ. ಕೀಲಿ ಮೂರು ಜೊತೆ ಮಾಡಿಸಿ: ಬಾಡಿಗೆಯವರಿಗೆ ಒಂದು, ಮ್ಯಾನೇಜರಿಗೆ ಲಕೋಟೆಯಲ್ಲಿ ಅಂಟಿಸಿ ಮೇಲೆ ಬಾಡಿಗೆಯವರ ಸಹಿ ಹಾಕಿಸಿದ್ದು ಒಂದು, ಇನ್ನೊಂದು ನಿಮ್ಮ ಹತ್ತಿರ.